ಕೆರೆ ನೀರು ಹಸಿರಾಗುದಕ್ಕೆ ಮೇಲಿನ ತೋಟದ ಗೊಬ್ಬರವೇ ಕಾರಣವಾ?

ಕೆರೆಬದಿಯವ
ನಮಸ್ಕಾರ ಎಲ್ರಿಗೂ. ಕಾರ್ಕಳ ತಾಲೂಕಿನ ಒಂದು ಹಳ್ಳಿ ನಮ್ದು, ಊರಿನ ಹೆಸರು ಬೇಡ, ಬರೆದ್ರೆ ನಾಳೆ ಅಂಗಡಿ ಜಗಲಿಯಲ್ಲಿ ಅದೇ ಪಂಚಾತಿಕೆ ಆಗ್ತದೆ. ಊರಿನ ಕೆರೆ ಹತ್ತಿರತ್ತಿರ ಒಂದು ಎಕ್ರೆ ಉಂಟು, ಆಳ ಎರಡು ಮೀಟರ್ ಇರಬಹುದು, ಬೇಸಿಗೆಯಲ್ಲಿ ದನಗಳಿಗೂ ಕೆಳಗಿನ ಗದ್ದೆಗೂ ಅದೇ ನೀರು. ಈಗ ಕೆಲವು ವರ್ಷದಿಂದ ದೀಪಾವಳಿ ಕಳೆದದ್ದೇ ನೀರು ಹಸಿರಾಗ್ಲಿಕ್ಕೆ ಶುರು, ಜನವರಿ ಹೊತ್ತಿಗೆ ದಡದಲ್ಲೆಲ್ಲ ಪೈಂಟ್ ಡಬ್ಬ ಚೆಲ್ಲಿದ ಹಾಗೆ ದಪ್ಪ ಕೆನೆ, ಹತ್ರ ಹೋದ್ರೆ ವಾಸನೆ. ಈ ಸಲ ಬೆಳಿಗ್ಗೆ ಹೊತ್ತು ಮೀನು ಕೂಡ ಸತ್ತು ತೇಲಿತು. ಮೇಲೆ ಗುಡ್ಡದ ಬದಿಯಲ್ಲಿ ಮೊದ್ಲು ಹಾಡಿ ಇದ್ದದ್ದು, ಈಗ ಪೂರ್ತಿ ಅಡಿಕೆ. ಅವರು ಹಾಕುವ ಗೊಬ್ಬರ ಎಲ್ಲ ತೋಡಲ್ಲಿ ಇಳಿದು ನಮ್ಮ ಕೆರೆಗೆ ಬರುದು ಅಂತ ನನ್ನ ಲೆಕ್ಕ. ಪಂಚಾಯತಿನಲ್ಲಿ ಹೇಳಿದ್ರೆ "ಅಂತರಗಂಗೆ ತೆಗೆಸುವ" ಅಂತಾರೆ, ಅಲ್ಲಿ ಅಂತರಗಂಗೆ ಒಂದು ಗಿಡ ಇಲ್ಲ ಮಾರಾಯ್ರೆ. ಗೊತ್ತಿದ್ದವರು ಹೇಳಿ.

ತೋಟದಮನೆ ಭಟ್
ಅಡಿಕೆಯವರ ಮೇಲೆ ಹಾಕಿ ಬಿಡುದು ಸುಲಭ. ಗೊಬ್ಬರಕ್ಕೆ ಈಗ ರೇಟ್ ಎಷ್ಟು ಉಂಟು, ಸಿಗುದೇ ಎಷ್ಟು ಕಷ್ಟ ಉಂಟು ಅಂತ ಗೊತ್ತುಂಟಾ ನಿಮಗೆ? ಸೊಸೈಟಿಯಲ್ಲಿ ಕ್ಯೂ ನಿಂತು ತಂದದ್ದನ್ನು ತೋಡಿಗೆ ಬಿಡ್ಲಿಕ್ಕೆ ನಮಗೆಂತ ಮಂಡೆ ಸಮ ಇಲ್ವಾ? ವಿಟ್ಲದ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಹೇಳಿದ ಲೆಕ್ಕ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ (ಫಾಸ್ಫರಸ್), 140 ಗ್ರಾಂ ಪೊಟ್ಯಾಷ್. ಅದಕ್ಕಿಂತ ಜಾಸ್ತಿ ಹಾಕುವವರು ಇದ್ದಾರೆ, ಇಲ್ಲ ಅಂತ ಹೇಳುದಿಲ್ಲ, ಆದ್ರೆ ನಮ್ಮ ಕಡೆ ಹೆಚ್ಚಿನವರು ಅಷ್ಟೂ ಹಾಕುದಿಲ್ಲ. ನಿಮ್ಮ ಕೆರೆಗೆ ಮನೆಗಳ ಬಚ್ಚಲು ನೀರು ಬರುದಿಲ್ವಾ? ಸೆಪ್ಟಿಕ್ ಟ್ಯಾಂಕ್? ಬಟ್ಟೆ ಒಗೆಯುದಿಲ್ವಾ ಯಾರೂ? ಮೊದ್ಲು ಅದು ನೋಡಿ.

ಕಂಕನಾಡಿ ಫ್ಲಾಟ್
ಭಟ್ರು ಹೇಳಿದ್ದರಲ್ಲಿ ಪಾಯಿಂಟ್ ಉಂಟು. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಬಂದದ್ದು, ಬೆಂಕಿ ಹತ್ತಿದ್ದು ಎಲ್ಲ ಗೊಬ್ಬರದಿಂದ ಅಲ್ಲ, ಚರಂಡಿ ನೀರಿಂದ.

ಕೆರೆಬದಿಯವ
ಬಟ್ಟೆ ಒಗೆಯುದು ಬಂದ್ ಆಗಿ ವರ್ಷ ಎಷ್ಟೋ ಆಯ್ತು, ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮೆಷಿನ್. ಕೆರೆಯ ಮೇಲ್ಗಡೆ ಇರುದು ನಾಲ್ಕು ಮನೆ. ನಾಲ್ಕು ಮನೆಯ ಬಚ್ಚಲು ನೀರಿಗೆ ಇಷ್ಟು ಹಸಿರಾ?

ಪ್ರಯೋಗಶಾಲೆ
ನಾನು ನೀರು ಟೆಸ್ಟ್ ಮಾಡುವ ಲ್ಯಾಬಲ್ಲಿ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.

ಇಲ್ಲಿ ಎಲ್ಲರೂ "ಗೊಬ್ಬರ ಜಾಸ್ತಿ ಹಾಕಿದ್ರಾ ಇಲ್ವಾ" ಅಂತ ಜಗಳ ಮಾಡುದು. ಒಮ್ಮೆ ಲೆಕ್ಕ ಹಾಕುವ. ಒಂದು ಎಕ್ರೆ ಕೆರೆ, ಎರಡು ಮೀಟರ್ ನೀರು ಅಂದ್ರೆ ಸುಮಾರು 81 ಲಕ್ಷ ಲೀಟರ್. ಕೆರೆ ನೀರಲ್ಲಿ ರಂಜಕ ಲೀಟರಿಗೆ 35 ಮೈಕ್ರೊಗ್ರಾಂ ದಾಟಿತು ಅಂದ್ರೆ ಅದು ಪಾಚಿ ಕಟ್ಟುವ ಕೆರೆಗಳ ಸಾಲಿಗೆ ಸೇರ್ತದೆ, ಇದು ಹೊರದೇಶದ ಕೆರೆಗಳನ್ನು ನೋಡಿ ಮಾಡಿದ ಗಡಿ ಆದ್ರೂ ಅಂದಾಜಿಗೆ ಸಾಕು. ಹಾಗಾದ್ರೆ ನಿಮ್ಮ ಇಡೀ ಕೆರೆ ಆ ಗಡಿಗೆ ಮುಟ್ಟಲಿಕ್ಕೆ ಬೇಕಾದ ರಂಜಕ ಎಷ್ಟು? 280 ಗ್ರಾಂ ಚಿಲ್ಲರೆ. ಕೆಜಿ ಅಲ್ಲ, ಗ್ರಾಂ.

ಡಿಎಪಿ ಚೀಲದ ಮೇಲೆ 18-46 ಅಂತ ಇರ್ತದಲ್ಲ, ಆ 46 ಪೂರ್ತಿ ರಂಜಕ ಅಲ್ಲ, ಅದು ಪಿ2ಓ5, ಅಂದ್ರೆ ರಂಜಕ ಆಮ್ಲಜನಕ ಸೇರಿದ್ದರ ಲೆಕ್ಕ. ಅದರಲ್ಲಿ ನಿಜವಾದ ರಂಜಕ ಅರ್ಧಕ್ಕಿಂತ ಕಡಿಮೆ, 0.44 ಪಾಲು. ಅದನ್ನೂ ಕಳೆದು ನೋಡಿದ್ರೆ ಒಂದೂವರೆ ಕೆಜಿ ಡಿಎಪಿ ಕರಗಿ ಕೆರೆಗೆ ಬಂದ್ರೆ ಮುಗೀತು.

ಈಗ ಭಟ್ರ ಲೆಕ್ಕಕ್ಕೆ ಬನ್ನಿ. ಅವರು ಹೇಳಿದ 40 ಗ್ರಾಮೂ ಪಿ2ಓ5 ಲೆಕ್ಕವೇ. ಎಕ್ರೆಗೆ 550 ಮರ ಅಂತ ಇಟ್ಟುಕೊಂಡ್ರೆ 22 ಕೆಜಿ, ಅಂದ್ರೆ ನಿಜವಾದ ರಂಜಕ ಒಂಬತ್ತೂವರೆ ಕೆಜಿ. ಮೂರು ಎಕ್ರೆ ತೋಟದಿಂದ ನೂರಕ್ಕೆ ಒಂದು ಪಾಲು, ಬರೀ ಒಂದು ಪಾಲು ಹೊರಗೆ ಹೋದ್ರೂ ನಿಮ್ಮ ಕೆರೆಗೆ ಬೇಕಾದಷ್ಟು ಆಯ್ತು. ತೋಟದವರಿಗೆ ಅದು ಲಾಸ್ ಅಂತ ಗೊತ್ತೂ ಆಗುದಿಲ್ಲ, ಕಿಸೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುದಿಲ್ಲ. ಶಿಫಾರಸು ಮಾಡಿದಷ್ಟೇ ಹಾಕಿದವನ ತೋಟದಿಂದಲೂ ಕೆರೆ ಹಾಳಾಗ್ತದೆ. ಹಾಗಾಗಿ ಜಾಸ್ತಿ ಹಾಕಿದ್ರಾ ಅಂತ ಕೇಳುದಕ್ಕಿಂತ, ಯಾವಾಗ ಹಾಕಿದ್ರು, ಆಮೇಲೆ ಮಣ್ಣು ಎಲ್ಲಿಗೆ ಹೋಯ್ತು ಅಂತ ಕೇಳ್ಬೇಕು.

ತೋಟದಮನೆ ಭಟ್
ಅಕ್ಕ, ಲೆಕ್ಕ ಸರಿ ಇರಬಹುದು, ಆದ್ರೆ ನಮ್ಮ ಕೆಂಪು ಮಣ್ಣು ರಂಜಕವನ್ನು ಬಿಡುದೇ ಇಲ್ಲ ಅಂತ ನಾವು ಕೇಳಿದ್ದು. ಹಾಕಿದ್ದು ಗಿಡಕ್ಕೇ ಸಿಗುದಿಲ್ಲ, ಮಣ್ಣು ಹಿಡಿದಿಟ್ಟುಕೊಳ್ತದೆ, ಅದಕ್ಕೇ ಸುಣ್ಣ ಹಾಕಿ ಅಂತ ಹೇಳುದು. ಗಿಡಕ್ಕೇ ಬಿಡದ್ದು ಕೆರೆಗೆ ಹೇಗೆ ಬಿಡ್ತದೆ?

ಪ್ರಯೋಗಶಾಲೆ
ಒಳ್ಳೆ ಪ್ರಶ್ನೆ ಭಟ್ರೆ. ಮುರಕಲ್ಲಿನ ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ, ಮಣ್ಣು ಹುಳಿ ಬೇರೆ, ಹಾಗಾಗಿ ರಂಜಕವನ್ನು ಗಟ್ಟಿ ಹಿಡಿದುಕೊಳ್ತದೆ. ಕರಗಿ ಹೋಗುದು ಕಮ್ಮಿ, ಒಪ್ಪಿದೆ. ಆದ್ರೆ ಮಣ್ಣೇ ಹೋದ್ರೆ? ಜೂನಲ್ಲಿ ತೋಡಲ್ಲಿ ಬರುವ ಕೆಂಪು ನೀರು ನೋಡಿದ್ದೀರಲ್ಲ, ಆ ಕೆಂಪು ಬಣ್ಣವೇ ಕಬ್ಬಿಣ, ಅದಕ್ಕೆ ಅಂಟಿಕೊಂಡು ರಂಜಕವೂ ಬರ್ತದೆ. ಕೆರೆಯಲ್ಲಿ ಅದು ಹೂಳಾಗಿ ಕೂರ್ತದೆ.

ಅಲ್ಲಿಗೆ ಮುಗಿಯುದಿಲ್ಲ. ಕೆರೆಯ ತಳದಲ್ಲಿ ಎಲೆ, ಸತ್ತ ಪಾಚಿ ಎಲ್ಲ ಕೊಳೆತು ಆಮ್ಲಜನಕ ಖಾಲಿ ಆಗ್ತದೆ, ಬೇಸಿಗೆಯಲ್ಲಂತೂ ಕೇಳುದೇ ಬೇಡ. ಆಮ್ಲಜನಕ ಇಲ್ಲದ ಕಡೆ ಕಬ್ಬಿಣದ ರೂಪವೇ ಬದಲಾಗಿ ಅದು ನೀರಲ್ಲಿ ಕರಗ್ತದೆ, ಹಿಡಿದಿಟ್ಟುಕೊಂಡಿದ್ದ ರಂಜಕವನ್ನು ಬಿಟ್ಟುಬಿಡ್ತದೆ. ತೋಟದಲ್ಲಿ ಗಿಡಕ್ಕೆ ಕೊಡದೆ ಹಟ ಮಾಡಿದ್ದೇ ಮಣ್ಣು ಕೆರೆಯ ತಳದಲ್ಲಿ ಪಾಚಿಗೆ ಧಾರಾಳ ಕೊಡ್ತದೆ. ಹಾಗಾಗಿ ಇವತ್ತು ಮೇಲಿನವರು ಗೊಬ್ಬರ ಪೂರ್ತಿ ನಿಲ್ಲಿಸಿದ್ರೂ ಹಳೆ ಹೂಳಿಂದ ಕೆಲವು ವರ್ಷ ಹಸಿರು ಬರ್ತಾನೇ ಇರ್ತದೆ. ಇದು ಕೇಳಿ ಸುಮಾರು ಜನ ನಿರಾಸೆ ಆಗ್ತಾರೆ.

ರಂಜಕವೇ ಯಾಕೆ, ಯೂರಿಯಾ ಯಾಕಲ್ಲ ಅಂತ ಕೇಳಬಹುದು. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಒಂದು ಕೆರೆಯ ಮಧ್ಯ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದ್ರು, ಕೆರೆಗೆ ಹೆಸರೂ ಇಲ್ಲ, ಬರೀ ನಂಬರ್, 226. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕ. ರಂಜಕ ಹಾಕಿದ ಬದಿ ಹಸಿರಾಯ್ತು, ಇನ್ನೊಂದು ಬದಿ ಇದ್ದ ಹಾಗೇ ಇತ್ತು. ವಿಮಾನದಿಂದ ತೆಗೆದ ಆ ಫೋಟೋ ಭಾರಿ ಫೇಮಸ್. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ಜಾತಿಗೆ ಸಾರಜನಕ ಗಾಳಿಯಿಂದಲೇ ತೆಗೆದುಕೊಳ್ಳುವ ಶಕ್ತಿ ಉಂಟು, ರಂಜಕ ಮಾತ್ರ ಗಾಳಿಯಲ್ಲಿ ಸಿಗುದಿಲ್ಲ. ಹಾಗಂತ ಯೂರಿಯಾಕ್ಕೆ ಕ್ಲೀನ್ ಚಿಟ್ ಅಲ್ಲ, ಮೈಕ್ರೊಸಿಸ್ಟಿಸ್ ಅಂತ ಒಂದು ಉಂಟು, ಅದಕ್ಕೆ ಗಾಳಿಯಿಂದ ತೆಗೆಯಲಿಕ್ಕೆ ಬರುದಿಲ್ಲ, ನೀರಲ್ಲಿ ಸಾರಜನಕ ಬೇಕು. ನಿಮ್ಮ ಪೈಂಟ್ ಚೆಲ್ಲಿದ ವರ್ಣನೆ ಕೇಳಿದ್ರೆ ನನಗೆ ಅದರ ಮೇಲೇ ಡೌಟು.

ಬೈಲುಗದ್ದೆ
ಮಣ್ಣಿನ ವಿಷಯ ಬಂತಲ್ಲ, ಈಗ ನಾನು ಹೇಳ್ತೇನೆ. ನಮ್ಮದು ಬ್ರಹ್ಮಾವರ ಕಡೆ, ಎಂಒ4 ಭತ್ತ ಬೆಳೆಯುವವರು, ಅಂದ್ರೆ ಈಗಲೂ ಗದ್ದೆ ಉಳಿಸಿಕೊಂಡ ಕೆಲವೇ ಮನೆಗಳಲ್ಲಿ ಒಂದು. ಮೊದ್ಲು ಗುಡ್ಡದಿಂದ ಇಳಿದ ನೀರು ಸೀದಾ ಕೆರೆಗೆ ಹೋಗ್ತಾ ಇರ್ಲಿಲ್ಲ. ಬೆಟ್ಟು ಗದ್ದೆ, ಅದರ ಕೆಳಗೆ ಮಜಲು, ಅದರ ಕೆಳಗೆ ಬೈಲು, ಒಂದೊಂದು ಗದ್ದೆಯಲ್ಲೂ ನೀರು ನಿಂತು ಮಣ್ಣು ಕೂತು ಆಮೇಲೆ ಮುಂದಕ್ಕೆ. ಅಂಚು ಕಡಿಯಬಾರದು ಅಂತ ನಮ್ಮ ಮಾವ ಎಷ್ಟು ಬೈತಿದ್ರು ಗೊತ್ತುಂಟಾ. ಈಗ ಬೆಟ್ಟು ಗದ್ದೆ ಹಡಿಲು ಬಿದ್ದಿದೆ, ಮಜಲಲ್ಲಿ ಅಡಿಕೆ ನೆಟ್ಟು ನೀರು ನಿಲ್ಲಬಾರದು ಅಂತ ಆಳಕ್ಕೆ ಕಣಿ ತೆಗೆದಿದ್ದಾರೆ, ಮಳೆ ಬಂದ್ರೆ ಆ ಕಣಿಯಲ್ಲಿ ನೀರು ಓಡುವ ಸ್ಪೀಡ್ ನೋಡ್ಬೇಕು ನೀವು. ಗುಡ್ಡದಲ್ಲಿ ಹೊಸ ತೋಟ ಮಾಡುವವರು ಜೆಸಿಬಿ ತಂದು ಮೇ ತಿಂಗಳಲ್ಲಿ ಇಡೀ ಗುಡ್ಡ ಕೆರೆದು ತಟ್ಟು ಮಾಡಿ ಬಿಡ್ತಾರೆ, ಒಂದು ಹುಲ್ಲು ಇಲ್ಲ, ಜೂನಲ್ಲಿ ಮಳೆ. ಆಮೇಲೆ ಅದೇ ಹಸಿ ಮಣ್ಣಿಗೆ ಗಿಡ ಬೇಗ ಬರ್ಲಿ ಅಂತ ಗೊಬ್ಬರ. ಹತ್ತಿಪ್ಪತ್ತು ವರ್ಷದ ಹಳೆ ತೋಟದಲ್ಲಿ ನೆಲ ಕಾಣುದಿಲ್ಲ, ಸೋಗೆ ಸೊಪ್ಪು ತರಗೆಲೆ ಇರ್ತದೆ, ಅಲ್ಲಿಂದ ಅಷ್ಟು ಮಣ್ಣು ಇಳಿಯುದಿಲ್ಲ. ಎಲ್ಲ ಅಡಿಕೆಯವರನ್ನು ಒಂದೇ ತಕ್ಕಡಿಯಲ್ಲಿ ಹಾಕ್ಬೇಡಿ.

ತೋಟದಮನೆ ಭಟ್
ಇದು ನೋಡಿ ಸರಿಯಾದ ಮಾತು. ಜೆಸಿಬಿ ಬಂದ ಮೇಲೆ ಕೃಷಿ ಗೊತ್ತಿಲ್ಲದವನಿಗೂ ತೋಟ ಮಾಡ್ಲಿಕ್ಕೆ ಆಗ್ತದೆ.

ಕುಂದಾಪ್ರದ ಮಾಣಿ
ಹ್ವಾಯ್, ಮೀನ್ ಸತ್ತದ್ ಬೆಳಿಗ್ಗೆ ಅಂದ್ರಿ ಅಲ್ದಾ, ಅದ್ ವಿಷ ಅಂಬುದ್ ಬ್ಯಾಡ ಮರ್ರೆ. ನಾವ್ ಕೆರಿ ಗುತ್ತಿಗೆ ಹಿಡ್ದ್ ಕಾಟ್ಲಾ ರೋಹು ಬಿಟ್ಟದ್ ಇತ್ತ್. ಹಗಲಿಗೆ ಪಾಚಿ ಬಿಸಿಲಿಗೆ ಗಾಳಿ ಬಿಡುತ್ತ್, ರಾತ್ರಿ ಅದೇ ಪಾಚಿ ಉಸ್ರಾಡಿ ನೀರಂಗಿದ್ದ ಗಾಳಿ ಎಲ್ಲ ತೆಗುತ್ತ್. ಬೆಳ್ಗಿನ್ ಜಾವ ಮೀನ್ ಮೇಲ್ ಬಂದ್ ಬಾಯಿ ಬಿಟ್ರೆ ಅಲ್ಲಿಗೆ ತಿಳ್ಕಣಿ. ಮೋಡ ಕಟ್ಟಿದ್ ಮರ್‍ದಿನ ಇನ್ನೂ ಜೋರ್. ಆಗ ಪಂಪ್ ಹಾಕಿ ಅದೇ ನೀರ್ ಎತ್ತಿ ಅದ್ಕೇ ಹೊಯ್ದ್ರೆ ಸ್ವಲ್ಪ ಉಳಿತ್ತ್.

ಪ್ರಯೋಗಶಾಲೆ
ಮಾಣಿ ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೇ ನಾವು ಆಮ್ಲಜನಕ ಅಳೆಯುದಾದ್ರೆ ಸೂರ್ಯ ಹುಟ್ಟುವ ಮೊದ್ಲು ಹೋಗ್ಬೇಕು ಅನ್ನುದು. ಮಧ್ಯಾಹ್ನ ಹೋದ್ರೆ ಅದೇ ಕೆರೆ ಫಸ್ಟ್ ಕ್ಲಾಸ್ ಅಂತ ರಿಪೋರ್ಟ್ ಬರ್ತದೆ.

ಕೆರೆಬದಿಯವ
ಒಬ್ರು ಹಿರಿಯರು ಹೇಳಿದ್ರು, ಮೈಲುತುತ್ತು (ತಾಮ್ರದ ಸಲ್ಫೇಟ್) ನಾಲ್ಕು ಕೆಜಿ ಚೀಲದಲ್ಲಿ ಕಟ್ಟಿ ಕೆರೆಯಲ್ಲಿ ಎಳೆದ್ರೆ ಪಾಚಿ ಎರಡೇ ದಿವಸದಲ್ಲಿ ಸಾಯ್ತದೆ ಅಂತ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲಿಕ್ಕೆ ತಂದದ್ದು ಎಲ್ಲರ ಮನೆಯಲ್ಲೂ ಉಂಟು. ಮಾಡಬಹುದಾ?

ಪ್ರಯೋಗಶಾಲೆ
ಬೇಡ. ದಯವಿಟ್ಟು ಬೇಡ. ಪಾಚಿ ಸಾಯ್ತದೆ, ಸುಳ್ಳಲ್ಲ. ಆದ್ರೆ ನೀಲಿ-ಹಸಿರು ಪಾಚಿಯಲ್ಲಿ ವಿಷ ಇದ್ದದ್ದು ಹೆಚ್ಚಾಗಿ ಅದರ ಜೀವಕೋಶದ ಒಳಗೆ ಇರುದು, ಮೈಲುತುತ್ತು ಬಿದ್ದ ಕೂಡ್ಲೆ ಕೋಶ ಒಡೆದು ಆ ವಿಷ ಎಲ್ಲ ಒಟ್ಟಿಗೆ ನೀರಿಗೆ ಬರ್ತದೆ. ಆಸ್ಟ್ರೇಲಿಯಾದ ಪಾಮ್ ಐಲೆಂಡಲ್ಲಿ 1979ರಲ್ಲಿ ಆದದ್ದು ಇದೇ. ಕುಡಿಯುವ ನೀರಿನ ಅಣೆಕಟ್ಟಲ್ಲಿ ಪಾಚಿ ಬಂತು, ವಾಸನೆ ಅಂತ ಜನ ದೂರು ಕೊಟ್ರು, ಮೈಲುತುತ್ತು ಹಾಕಿದ್ರು, ಕೆಲವೇ ದಿನದಲ್ಲಿ 148 ಜನ ಹುಷಾರಿಲ್ಲದೆ ಬಿದ್ರು, ಹೆಚ್ಚಿನವರು ಮಕ್ಕಳು, ಲಿವರ್ ಕಿಡ್ನಿ ಎರಡಕ್ಕೂ ತೊಂದರೆ. ಮೊದ್ಲು ಎಂತ ಕಾಯಿಲೆ ಅಂತಲೇ ಗೊತ್ತಾಗ್ಲಿಲ್ಲ, ಪಾಚಿಯ ವಿಷ ಅಂತ ಆಮೇಲೆ ಪತ್ತೆ ಆದದ್ದು.

ಮತ್ತೆ ಸತ್ತ ಪಾಚಿ ಎಲ್ಲಿಗೆ ಹೋಗ್ತದೆ? ತಳಕ್ಕೆ. ಅಲ್ಲಿ ಕೊಳೆತು ಉಳಿದ ಮೀನೂ ಸಾಯ್ತದೆ, ರಂಜಕ ಪುನಃ ನೀರಿಗೆ, ತಾಮ್ರ ಹೂಳಲ್ಲಿ ಖಾಯಂ.

ಇನ್ನೊಂದು, ಈ ನೀರು ಕುದಿಸಿದ್ರೆ ಸರಿ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮೈಕ್ರೊಸಿಸ್ಟಿನ್ ಅನ್ನುವ ವಿಷ ಕುದಿಗೆ ಹಾಳಾಗುದಿಲ್ಲ, ನೀರು ಆವಿ ಆದಷ್ಟು ಉಳಿದದ್ದರಲ್ಲಿ ಜಾಸ್ತಿಯೇ ಆಗ್ತದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1 ಮೈಕ್ರೊಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ದನದ ಡಾಕ್ಟ್ರು
ಕೆನೆ ಇರುವ ದಡದಲ್ಲಿ ದನ ಇಳಿಸ್ಲೇಬೇಡಿ. ಗಾಳಿ ಯಾವ ಕಡೆ ಬೀಸ್ತದೋ ಆ ದಡಕ್ಕೆ ಕೆನೆ ಒಟ್ಟಾಗ್ತದೆ, ದನ ಕುಡಿಯುದೂ ಹೆಚ್ಚಾಗಿ ಅದೇ ತಗ್ಗು ದಡದಲ್ಲಿ. ಇದು ಹೊಸ ವಿಷಯ ಅಲ್ಲ, ಆಸ್ಟ್ರೇಲಿಯಾದಲ್ಲಿ ಪಾಚಿ ನೀರು ಕುಡಿದು ಕುರಿ ದನ ಸತ್ತದ್ದು 1878ರಲ್ಲೇ ಪತ್ರಿಕೆಯಲ್ಲಿ ದಾಖಲಾಗಿದೆ. ನಾಯಿಗಳಿಗಂತೂ ಇನ್ನೂ ಡೇಂಜರ್, ನೀರಲ್ಲಿ ಈಜಿ ಬಂದು ಮೈ ನೆಕ್ಕಿಕೊಳ್ತವೆ. ಎಲ್ಲ ಪಾಚಿಯೂ ವಿಷ ಅಲ್ಲ, ಆದ್ರೆ ಕಣ್ಣಲ್ಲಿ ನೋಡಿ ಇದು ವಿಷ ಇದು ಅಲ್ಲ ಅಂತ ಹೇಳ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಬಾವಿ ನೀರು ಬಾನಿಗೆ ತುಂಬಿಸಿ ಇಡಿ, ಬೇರೆ ದಾರಿ ಇಲ್ಲ.

ಸಾವಯವ ಶೆಟ್ಟಿ
ಇಷ್ಟೆಲ್ಲ ಚರ್ಚೆ ಯಾಕೆ? ರಾಸಾಯನಿಕ ಬಿಡಿ, ಸಾವಯವಕ್ಕೆ ಬನ್ನಿ. ನಮ್ಮ ತೋಟಕ್ಕೆ ಒಂದು ಹಿಡಿ ಯೂರಿಯಾ ಹಾಕುದಿಲ್ಲ, ಕೋಳಿ ಗೊಬ್ಬರ ಮತ್ತೆ ಸ್ಲರಿ ಅಷ್ಟೇ. ಫಸಲು ಚಂದ ಉಂಟು.

ತೋಟದಮನೆ ಭಟ್
ಶೆಟ್ರೆ, ಕೋಳಿ ಗೊಬ್ಬರ ಲೋಡ್ ಎಷ್ಟು ಹಾಕ್ತೀರಿ? ಯಾವ ತಿಂಗಳಲ್ಲಿ?

ಸಾವಯವ ಶೆಟ್ಟಿ
ಎಕ್ರೆಗೆ ಎರಡು ಟನ್ ಹತ್ರ. ಲಾರಿ ಬರುದು ಮೇಯಲ್ಲಿ, ಮಳೆ ಶುರುವಾದ್ರೆ ತೋಟಕ್ಕೆ ಲಾರಿ ಇಳಿಯುದಿಲ್ಲ ಅಲ್ವಾ.

ಪ್ರಯೋಗಶಾಲೆ
ಕೋಳಿ ಗೊಬ್ಬರದಲ್ಲಿ ಪಿ2ಓ5 ನೂರಕ್ಕೆ ಎರಡು ಮೂರು ಪಾಲು ಇರ್ತದೆ. ಎರಡು ಟನ್ ಅಂದ್ರೆ 40ರಿಂದ 60 ಕೆಜಿ. ಭಟ್ರ ಲೆಕ್ಕ 22 ಕೆಜಿ. ಅಂದ್ರೆ ಹೆಚ್ಚುಕಮ್ಮಿ ಎರಡು ಪಟ್ಟು, ಅದಕ್ಕಿಂತ ಜಾಸ್ತಿಯೂ ಆಗಬಹುದು, ನೀವೇ ನೋಡಿ. ಪಾಚಿಗೆ ಜಾತಿ ಇಲ್ಲ ಶೆಟ್ರೆ, ರಂಜಕ ಡಿಎಪಿಯಿಂದ ಬಂದ್ರೂ ಕೋಳಿಯಿಂದ ಬಂದ್ರೂ ಅದಕ್ಕೆ ಒಂದೇ. ಹಟ್ಟಿ ಗೊಬ್ಬರ, ಕಂಪೋಸ್ಟ್ ಮಣ್ಣನ್ನು ಹಿಡಿದಿಡ್ತದೆ, ನೀರು ಇಂಗಿಸ್ತದೆ, ಅದು ಅದರ ದೊಡ್ಡ ಗುಣ, ಅಲ್ಲಗಳೆಯುದಿಲ್ಲ. ಆದ್ರೆ ಮೇಯಲ್ಲಿ ಮೇಲಿಂದ ಮೇಲೆ ಹರಡಿ ಬಿಟ್ರೆ ಮೇ ಕೊನೆಯ ಪತ್ತನಾಜೆ ಕಳೆದು ಬರುವ ಮೊದಲ ಜೋರು ಮಳೆಗೇ ತೋಡಿಗೆ ಹೋಗ್ತದೆ.

ಸಾವಯವ ಶೆಟ್ಟಿ
ನಮ್ಮ ತೋಟದ ಕೆಳಗೆ ಕೆರೆ ಇಲ್ಲ, ಸೀದಾ ಹೊಳೆ.

ತೋಟದಮನೆ ಭಟ್
ಹೊಳೆಗೆ ಹೋದ್ರೆ ಲೆಕ್ಕಕ್ಕಿಲ್ವಾ ಹಾಗಾದ್ರೆ? 😀

ಕಂಕನಾಡಿ ಫ್ಲಾಟ್
ಅಲ್ಲ, ಒಂದು ಡೌಟು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅಷ್ಟು ನೀರಿಗೆ ಕೆರೆ ಎಷ್ಟೋ ಸಲ ತುಂಬಿ ಹರಿದು ತೊಳೆದು ಹೋಗ್ಬೇಕಲ್ಲ. ಹಾಗಾದ್ರೆ ಜೂನಲ್ಲಿ ಬಂದ ಗೊಬ್ಬರ ನವೆಂಬರಲ್ಲಿ ಹೇಗೆ ಉಳಿದಿರ್ತದೆ?

ಪ್ರಯೋಗಶಾಲೆ
ಇದು ಕರಾವಳಿಯ ವಿಶೇಷ, ಬಯಲುಸೀಮೆಯ ಕೆರೆಗೆ ಹೀಗೆ ಅಲ್ಲ. ನಮ್ಮಲ್ಲಿ ಜುಲೈ ಆಗಸ್ಟಲ್ಲಿ ಕೆರೆ ಕೋಡಿ ಬಿದ್ದು ಹರೀತಾ ಇರ್ತದೆ, ಮೋಡ ಮುಚ್ಚಿ ಬಿಸಿಲೂ ಇಲ್ಲ, ಪಾಚಿಗೆ ಬೆಳೀಲಿಕ್ಕೆ ಪುರುಸೊತ್ತು ಸಿಗುದಿಲ್ಲ. ಜೂನಿನಲ್ಲಿ ಕರಗಿ ಬಂದದ್ದು ಹೆಚ್ಚಿನದ್ದು ಹೊಳೆಗೆ, ಅಲ್ಲಿಂದ ಕಡಲಿಗೆ. ಕೆರೆಯಲ್ಲಿ ಉಳಿಯುದು ಹೂಳು.

ಆದ್ರೆ ಗೊಬ್ಬರದ ಎರಡನೇ ಕಂತು ಯಾವಾಗ? ಸೆಪ್ಟೆಂಬರ್-ಅಕ್ಟೋಬರ್. ಆಗ ದಿನಾ ಸಂಜೆ ಗುಡುಗು ಸಿಡಿಲು ಸಮೇತ ಒಂದೊಂದು ಗಂಟೆ ರಪರಪ ಮಳೆ ಬರ್ತದಲ್ಲ, ತೋಟದಲ್ಲಿ ಹರಿಯುವಷ್ಟು ಜೋರು, ಆದ್ರೆ ಕೆರೆ ತುಂಬಿ ಹರಿಯುವಷ್ಟು ಅಲ್ಲ. ಬಂದದ್ದು ಬಂದಲ್ಲೇ ನಿಲ್ತದೆ. ಮಾರನೇ ದಿನ ಕಡು ಬಿಸಿಲು. ನಿಮ್ಮ "ದೀಪಾವಳಿ ಕಳೆದದ್ದೇ ಹಸಿರು" ಅನ್ನುದಕ್ಕೆ ಇದು ಸರಿಯಾಗಿ ಕೂರ್ತದೆ. ನನ್ನ ಪ್ರಕಾರ ನಮ್ಮ ಊರಿನ ಕೆರೆಗಳಿಗೆ ಜೂನಿನ ಗೊಬ್ಬರಕ್ಕಿಂತ ಅಕ್ಟೋಬರದ್ದು ಜಾಸ್ತಿ ಕೆಟ್ಟದು, ಜೂನಿನಲ್ಲಿ ಗೊಬ್ಬರಕ್ಕಿಂತ ಮಣ್ಣು ಕೆಟ್ಟದು.

ಕಾಲದ ವಿಷಯದಲ್ಲಿ ಅಮೆರಿಕದ ಈರೀ ಸರೋವರ ನೋಡ್ಬೇಕು. ಎಪ್ಪತ್ತರ ದಶಕದಲ್ಲಿ ಚರಂಡಿ ನೀರು, ಸೋಪು ಪುಡಿಯ ರಂಜಕ ಎಲ್ಲ ಹಿಡಿತಕ್ಕೆ ತಂದು ಆ ಸರೋವರ ಚೇತರಿಸಿಕೊಂಡಿತ್ತು. ತೊಂಬತ್ತರ ದಶಕದ ನಂತರ ಪುನಃ ಪಾಚಿ, ಈ ಸಲ ಮುಖ್ಯವಾಗಿ ಜೋಳ ಸೋಯಾ ಹೊಲಗಳಿಂದ ಮಾಮಿ ನದಿಯಲ್ಲಿ ಇಳಿದು ಬಂದ ಕರಗುವ ರಂಜಕ. 2014ರ ಆಗಸ್ಟಲ್ಲಿ ಟೊಲೆಡೊ ಪಟ್ಟಣದ ನಾಲ್ಕೈದು ಲಕ್ಷ ಜನರಿಗೆ ನಳ್ಳಿ ನೀರು ಕುಡಿಯಬೇಡಿ ಅಂತ ಹೇಳ್ಬೇಕಾಯ್ತು, ಎರಡು ಮೂರು ದಿನ. ಅಲ್ಲಿ ಆ ವರ್ಷ ಪಾಚಿ ಎಷ್ಟು ಬರ್ತದೆ ಅಂತ ಅಂದಾಜು ಮಾಡುದು ಇಡೀ ವರ್ಷದ ಗೊಬ್ಬರದ ಮೇಲೆ ಅಲ್ಲ, ಮಾರ್ಚಿಂದ ಜುಲೈವರೆಗೆ ನದಿಯಲ್ಲಿ ಬಂದ ರಂಜಕದ ಮೇಲೆ.

ಕಂಕನಾಡಿ ಫ್ಲಾಟ್
ನಮ್ಮ ತುಂಬೆ ಅಣೆಕಟ್ಟಿಗೂ ಹೀಗೆ ಆದ್ರೆ? ಮಂಗಳೂರಿಗೆ ಪೂರ್ತಿ ಅದೇ ನೀರು. ಉಡುಪಿಗೆ ಬಜೆ. ಮಾರ್ಚ್ ಏಪ್ರಿಲಲ್ಲಿ ಎರಡೂ ಕಡೆ ಹರಿವು ನಿಂತು ಕೆರೆಯ ಹಾಗೇ ಇರ್ತದೆ.

ಪ್ರಯೋಗಶಾಲೆ
ಅಲ್ಲಿ ಶುದ್ಧೀಕರಣ ಘಟಕ ಉಂಟು, ಕೆರೆಗೆ ಹೋಲಿಸ್ಲಿಕ್ಕೆ ಆಗುದಿಲ್ಲ. ಆದ್ರೆ ನಿಂತ ನೀರು, ಬಿಸಿಲು, ಮೇಲಿಂದ ಪೋಷಕಾಂಶ, ಮೂರೂ ಸೇರುವ ತಿಂಗಳು ಅದೇ, ಕಣ್ಣಿಡಬೇಕಾದದ್ದೇ.

ಮಲ್ಪೆ ಬೋಟು
ಕಡಲಿನದ್ದು ಹೇಳಿ ಒಮ್ಮೆ. 2020ರ ಕೊನೆಗೆ ನಮ್ಮ ಕಡೆ ರಾತ್ರಿ ತೆರೆ ನೀಲಿ ಬೆಳಕು ಬಿಡ್ತಿತ್ತಲ್ಲ, ಜನ ಎಲ್ಲ ಮೊಬೈಲ್ ಹಿಡ್ಕೊಂಡು ಬಂದದ್ದು. ಅದೂ ಗೊಬ್ಬರವಾ?

ಪ್ರಯೋಗಶಾಲೆ
ಅದು ನಾಕ್ಟಿಲುಕ ಅನ್ನುವ ಸಣ್ಣ ಜೀವಿ. ಹೊಳೆ ನೀರಿನದ್ದೂ ಒಂದು ಪಾಲು ಇರಬಹುದು, ಆದ್ರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಡಲಿನ ಅಡಿಯ ತಣ್ಣೀರು ಮೇಲೆ ಬರ್ತದೆ, ಅದರಲ್ಲೇ ಪೋಷಕಾಂಶ ಬೇಕಾದಷ್ಟು. ನಮಗೆ ಬಂಗುಡೆ ಬೂತಾಯಿ ಸಿಗುದೂ ಅದರಿಂದಲೇ. ಹಾಗಾಗಿ ಕಡಲಿನದ್ದನ್ನು ತೋಟದವರ ತಲೆಗೆ ಕಟ್ಟುದು ಬೇಡ.

ಮಲ್ಪೆ ಬೋಟು
ಬೂತಾಯಿ ಸರಿಯಾಗಿ ಸಿಕ್ಕಿ ಎಷ್ಟು ಸಮಯ ಆಯ್ತು ಅಂತ ಕೇಳ್ಬೇಡಿ ಮಾತ್ರ.

ಬೈಲುಗದ್ದೆ
ಯೂರಿಯಾದ ವಿಷಯ ಅರ್ಧಕ್ಕೆ ಬಿಟ್ರಿ. ನಮ್ಮ ಬಾವಿ ಗದ್ದೆಯ ಪಕ್ಕವೇ ಇರುದು, ಅದಕ್ಕೆ ತೊಂದರೆ ಉಂಟಾ?

ಪ್ರಯೋಗಶಾಲೆ
ರಂಜಕ ಮಣ್ಣಿನ ಜೊತೆ ಮೇಲಿಂದ ಹೋದ್ರೆ ಯೂರಿಯಾದಿಂದ ಆಗುವ ನೈಟ್ರೇಟ್ ನೀರಿನ ಜೊತೆ ಕೆಳಗೆ ಇಳೀತದೆ, ಮುರಕಲ್ಲಲ್ಲಿ ತೂತು ಜಾಸ್ತಿ ಇರುದರಿಂದ ಬೇಗ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಮೇಲೆ ಹೋದ್ರೆ ಹಸುಗೂಸುಗಳಿಗೆ ಡೇಂಜರ್, ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ತದೆ. ಮನೆಯಲ್ಲಿ ಸಣ್ಣ ಮಗು ಇದ್ರೆ ಬಾವಿ ನೀರು ಒಮ್ಮೆ ಟೆಸ್ಟ್ ಮಾಡಿಸಿ. ಹತ್ತಿರದಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ರೆ ಗೊಬ್ಬರಕ್ಕಿಂತ ಮೊದ್ಲು ಅದರ ಮೇಲೆ ಸಂಶಯ ಪಡಿ. ಗದ್ದೆಗೆ ಯೂರಿಯಾ ಹಾಕಿದ ಮೇಲೆ ನಾಲ್ಕೈದು ದಿನ ನೀರು ಹೊರಗೆ ಬಿಡಬೇಡಿ, ಗದ್ದೆಯವರು ಮಾಡಬಹುದಾದ ದೊಡ್ಡ ಉಪಕಾರ ಅದು.

ಬೈಲುಗದ್ದೆ
ಅದು ನಾವು ಮೊದಲಿಂದಲೂ ಮಾಡುದೇ. ನೀರು ಬಿಟ್ರೆ ಯೂರಿಯಾ ಕೆಳಗಿನ ಗದ್ದೆಯವನಿಗೆ, ಪುಕ್ಕಟೆ ಯಾರು ಕೊಡ್ತಾರೆ.

ಕೆರೆಬದಿಯವ
ಎಲ್ಲ ಓದಿದೆ. ಸರಿ, ಆದ್ರೆ ಮೇಲಿನವರು ಎಂತ ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ. ನಾನು ಹೋಗಿ ಗೊಬ್ಬರ ಹಾಕ್ಬೇಡಿ ಅಂದ್ರೆ ಓಡಿಸ್ತಾರೆ.

ತೋಟದಮನೆ ಭಟ್
ಹಾಗೆ ಹೇಳಿದ್ರೆ ನಾನೂ ಓಡಿಸುವವನೇ. ಹೇಳುವ ಕ್ರಮ ಬೇರೆ. ಮೊದ್ಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಹೇಳಿ. ನಮ್ಮಲ್ಲಿ ಹಳೆ ತೋಟಗಳಲ್ಲಿ ವರ್ಷಗಟ್ಟಲೆ ಹಾಕಿದ ರಂಜಕ ಮಣ್ಣಲ್ಲೇ ಕೂತಿರ್ತದೆ, ಕಾರ್ಡಲ್ಲಿ "ಹೆಚ್ಚು" ಅಂತ ಬಂದವರೂ 17-17-17 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುವ) ಚೀಲ ತಂದು ಹಾಕ್ತಾರೆ ಯಾಕಂದ್ರೆ ಅಂಗಡಿಯಲ್ಲಿ ಸಿಗುದು ಅದು. ಅಂಥವರಿಗೆ ಯೂರಿಯಾ ಮತ್ತು ಪೊಟ್ಯಾಷ್ ಬಿಡಿಬಿಡಿ ಸಾಕು, ದುಡ್ಡೂ ಉಳೀತದೆ. ಈ ಮಾತಿಗೆ ಮಾತ್ರ ಯಾರೂ ಓಡಿಸುದಿಲ್ಲ.

ಎರಡನೇದು, ಅಕ್ಟೋಬರಿನ ಕಂತು ಬುಡ ಬಿಡಿಸಿ ಹಾಕಿ ಮಣ್ಣು ಮುಚ್ಚಿ ಮೇಲಿಂದ ಸೊಪ್ಪು ಹಾಕ್ಬೇಕು. ಈಗ ಆಳು ಸಿಗುದಿಲ್ಲ ಅಂತ ಹೆಚ್ಚಿನವರು ಬುಡಕ್ಕೆ ಎರಚಿ ಹೋಗುದು, ಸಂಜೆ ಮಳೆ ಬಂತು ಅಂದ್ರೆ ಆ ಬಿಳಿ ಕಾಳು ಕಣಿಯಲ್ಲಿ ಹರಿದು ಹೋಗುದು ಕಣ್ಣಿಗೇ ಕಾಣ್ತದೆ. ಸಂಜೆ ಗುಡುಗು ಉಂಟು ಅಂತ ಮೊಬೈಲಲ್ಲಿ ತೋರಿಸ್ತದಲ್ಲ, ಆ ವಾರ ಬಿಟ್ಟು ಬಿಡಿ, ಅಡಿಕೆ ಮರ ಹದಿನೈದು ದಿನ ತಡ ಆಯ್ತು ಅಂತ ಸಾಯುದಿಲ್ಲ.

ಮೂರನೇದು ಕಣಿ. ಬಸಿಗಾಲುವೆ ಬೇಡ ಅಂತ ಹೇಳ್ಲಿಕ್ಕಾಗುದಿಲ್ಲ, ಬೇರು ಕೊಳೀತದೆ. ಆದ್ರೆ ಕಣಿ ತೋಡಿಗೆ ಸೇರುವ ಮೊದ್ಲು ಒಂದು ಹೊಂಡ ಇರ್ಲಿ, ಎಂಟು ಹತ್ತು ಅಡಿ ಉದ್ದ, ಎದೆ ಮಟ್ಟ ಆಳ. ನಮ್ಮಲ್ಲಿ ಉಂಟು. ಮಳೆ ಮುಗಿದ ಮೇಲೆ ಅದರಲ್ಲಿ ಕೂತ ಮಣ್ಣು ಎತ್ತಿ ಪುನಃ ಮರದ ಬುಡಕ್ಕೆ. ಕೈಯಲ್ಲಿ ಹಿಡಿದ್ರೆ ಬೆಣ್ಣೆಯಷ್ಟು ನುಣುಪು, ತೋಟದಲ್ಲಿದ್ದ ಒಳ್ಳೆ ಮಣ್ಣೆಲ್ಲ ಅದೇ. ಹೊಂಡದ ಕೆಳಗೆ ತೋಡಿನ ಬದಿಗೆ ಲಾವಂಚ ಸಾಲು.

ಪ್ರಯೋಗಶಾಲೆ
ಭಟ್ರ ಹೊಂಡಕ್ಕೆ ಫುಲ್ ಮಾರ್ಕ್ಸ್. ಆ ನುಣುಪು ಮಣ್ಣಿಗೇ ರಂಜಕ ಹೆಚ್ಚು ಅಂಟಿರುದು, ಮರಳು ಕಾಳಿಗಲ್ಲ. ಆದ್ರೆ ಹೊಂಡ ತುಂಬಿದ ಮೇಲೆ ಎತ್ತದಿದ್ರೆ ಮುಂದಿನ ಮಳೆಗೆ ಅದರಿಂದ ಎಂತ ಪ್ರಯೋಜನ ಇಲ್ಲ.

ಕೆರೆಯ ಕೆಲಸವೂ ಅಷ್ಟೇ. ಏಪ್ರಿಲ್ ಮೇಯಲ್ಲಿ ನೀರು ತಗ್ಗಿದಾಗ ಹೂಳು ತೆಗೆದು ತೋಟಕ್ಕೆ ಹಂಚಿ, ದಂಡೆಯ ಮೇಲೆ ರಾಶಿ ಹಾಕಿದ್ರೆ ಜೂನಲ್ಲಿ ವಾಪಸ್ ಕೆರೆಗೇ. ಇತ್ತೀಚೆಗೆ ಕೆರೆ ಅಭಿವೃದ್ಧಿ ಅಂದ್ರೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿ ಲೈಟ್ ಹಾಕುದು ಅಂತ ಆಗಿದೆ, ತೋಡು ಬಂದು ಸೇರುವಲ್ಲಿ ಇದ್ದ ಜೊಂಡು ಹುಲ್ಲು ಎಲ್ಲ ಕಿತ್ತು ಬಿಸಾಡ್ತಾರೆ. ಮಣ್ಣು ಹಿಡಿಯುವ ಜಾಗ ಅದೇ ಇದ್ದದ್ದು. ನಿಮ್ಮ ಪಂಚಾಯತಿನವರಿಗೆ ಅದನ್ನು ಹೇಳಿ, ಅಂತರಗಂಗೆ ಹುಡುಕುವ ಬದ್ಲು.

ಕೆರೆಬದಿಯವ
ನಮ್ಮ ಮೇಲಿನವರು ಭಟ್ರ ಹಾಗೆ ಅಲ್ಲ. ಒಬ್ರು ಊರಲ್ಲೇ ಇಲ್ಲ, ಜಾಗ ತೆಗೆದು ಮೇಸ್ತ್ರಿಗೆ ಬಿಟ್ಟಿದ್ದಾರೆ, ಅದೇ ಜೆಸಿಬಿ ಕೇಸು. ಏನೇ ಹೇಳಿ ನನಗೆ ಅವರ ಮೇಲೇ ಸಂಶಯ.

ಪ್ರಯೋಗಶಾಲೆ
ಸಂಶಯ ಇದ್ರೆ ನೀರು ಹಿಡಿದು ನೋಡಿ. ಮೊದ್ಲು ಮನೆಯಲ್ಲೇ ಆಗುವ ಕೆಲಸ, ಕೆನೆ ಇರುವ ನೀರು ಗಾಜಿನ ಬಾಟ್ಲಿಯಲ್ಲಿ ಮುಕ್ಕಾಲು ತುಂಬಿಸಿ ಅಲ್ಲಾಡಿಸದೆ ರಾತ್ರಿ ಇಡಿ, ಗ್ಲೌಸ್ ಹಾಕಿ ಹಿಡೀರಿ. ಬೆಳಿಗ್ಗೆ ಹಸಿರು ಎಲ್ಲ ಮೇಲೆ ಬಂದು ಉಂಗುರ ಕಟ್ಟಿದ್ರೆ ನೀಲಿ-ಹಸಿರು ಪಾಚಿ ಇರುವ ಚಾನ್ಸ್ ಜಾಸ್ತಿ, ತಳಕ್ಕೆ ಇಳಿದ್ರೆ ಸಾಮಾನ್ಯ ಹಸಿರು ಪಾಚಿ. ಕೋಲು ಹಾಕಿ ಎತ್ತಿದ್ರೆ ಕೂದಲಿನ ಹಾಗೆ ಜೋತು ಬಿದ್ರೆ ಅದು ಎಳೆ ಪಾಚಿ, ಅಷ್ಟು ತಲೆಬಿಸಿ ಬೇಡ. ಇದು ಅಂದಾಜಿಗೆ ಮಾತ್ರ, ವಿಷ ಉಂಟಾ ಇಲ್ವಾ ಅಂತ ಇದರಿಂದ ಗೊತ್ತಾಗುದಿಲ್ಲ.

ಆಮೇಲೆ ಮಳೆ ಬಂದು ತೋಡು ಕೆಂಪಾದ ಅರ್ಧ ಗಂಟೆಯ ಒಳಗೆ ಸ್ಯಾಂಪಲ್ ತೆಗೀಬೇಕು, ಮರುದಿನ ತೆಗೆದ್ರೆ ಎಲ್ಲ ಹೋಗಿ ಆಗಿರ್ತದೆ. ಹೊಸ ತೋಟದ ನೀರು ಸೇರುವ ಮೊದ್ಲು ಒಂದು ಬಾಟ್ಲಿ, ಸೇರಿದ ಮೇಲೆ ಒಂದು, ನಾಲ್ಕು ಮನೆಗಳ ಚರಂಡಿ ಬರುವಲ್ಲಿ ಒಂದು. ಐಸ್ ಡಬ್ಬದಲ್ಲಿ ಇಟ್ಟು ಅದೇ ದಿನ ಲ್ಯಾಬಿಗೆ. ಟೋಟಲ್ ಫಾಸ್ಫರಸ್ ಅಂತ ಕೇಳಿ, ಬರೀ ಕರಗಿದ ಫಾಸ್ಫೇಟ್ ಮಾಡಿಸಿದ್ರೆ ಮಣ್ಣಿಗೆ ಅಂಟಿದ್ದು ಲೆಕ್ಕಕ್ಕೆ ಬರುದಿಲ್ಲ, ನಿಮ್ಮ ಮೇಸ್ತ್ರಿ ಪಾರಾಗಿ ಬಿಡ್ತಾನೆ.

ತೋಟದಮನೆ ಭಟ್
ಮೂರು ಬಾಟ್ಲಿಯಲ್ಲಿ ಚರಂಡಿಯದ್ದು ಬಿಟ್ಟು ಬಿಡಬೇಡಿ ಮತ್ತೆ. ನನಗೆ ಆ ರಿಪೋರ್ಟ್ ನೋಡ್ಲಿಕ್ಕುಂಟು.

ಕೆರೆಬದಿಯವ
ಆಯ್ತು ಭಟ್ರೆ, ಮೂರೂ ತೆಗೀತೇನೆ. ಟೆಸ್ಟಿನ ಫೀಸ್ ಯಾರು ಕೊಡುದು ಅಂತ ಈಗ ಯುವಕ ಮಂಡಲದ ಗ್ರೂಪಲ್ಲಿ ಕೇಳಿದ್ದೇನೆ, ನೋಡಿದವರು ಎಲ್ಲರೂ, ಉತ್ತರ ಕೊಟ್ಟವರು ಯಾರೂ ಇಲ್ಲ.

ಕುಂದಾಪ್ರದ ಮಾಣಿ
ಮೀನ್ ಹಿಡುಕೆ ಕರ್‍ದ್ ಕಾಣಿ, ಎಲ್ರೂ ಬತ್ರ್.